ಫ್ರೆಡ್ಡಿ ಮರ್ಕ್ಯುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ರಾಕ್ ಬ್ಯಾಂಡ್ ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಗುಂಪಿನಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಅವನು ಇಂಡಿಯನ್ನಾ? ಆ ಹಲ್ಲು ಯಾಕೆ ಹಾಗಿದೆ? ಅವನ ಮೇಲೆ ಬಂದ 'ಬೊಹೀಮಿಯನ್ ರಾಪ್ಸಡಿ' ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜಾನಾ? ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಲೇಜಿನ ದಿನಗಳ ಕ್ಯಾಸೆಟ್ಟಿನಿಂದ ಜೊತೆಗಿರುವವನಿಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಅವನ ನಿಜವಾದ ಹೆಸರೇನು?

ಫರೋಖ್ ಬುಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಂಜಿಬಾರ್ ದ್ವೀಪದ ಸ್ಟೋನ್ ಟೌನಿನಲ್ಲಿ. ಇದು ಪೂರ್ವ ಆಫ್ರಿಕಾದ ಕರಾವಳಿಯಲ್ಲಿದೆ. ಲವಂಗಕ್ಕೆ ಹೆಸರಾದ ಜಾಗ. ಆಗ ಅಲ್ಲಿ ಸುಲ್ತಾನನಿದ್ದ, ಅವನ ಮೇಲೆ ಬ್ರಿಟಿಷರಿದ್ದರು. ಅಪ್ಪ ಬೋಮಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಅಮ್ಮ ಜೆರ್. ಆರು ವರ್ಷದ ನಂತರ ಕಶ್ಮೀರಾ ಅಂತ ತಂಗಿ ಹುಟ್ಟಿದಳು.

ಬುಲ್ಸಾರಾ ಅನ್ನುವುದು ಊರಿನಿಂದ ಬಂದ ಹೆಸರು. ಗುಜರಾತಿನ ವಲ್ಸಾಡ್ ಇದೆಯಲ್ಲ, ಅದರ ಹಳೇ ಹೆಸರು ಬುಲ್ಸಾರ್. ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡಿರುತ್ತಾರಲ್ಲ, ಹಾಗೆ.

ಹಾಗಾದರೆ ಅವನು ಭಾರತೀಯನಾ?

ಹೌದು ಅಂದರೂ ತಪ್ಪಿಲ್ಲ, ಅಲ್ಲ ಅಂದರೂ ತಪ್ಪಿಲ್ಲ. ಮೂಲ ಗುಜರಾತಿನ ಪಾರ್ಸಿ ಮನೆತನ. ಹುಟ್ಟಿದ್ದು ಆಫ್ರಿಕಾ. ಓದಿದ್ದು, ಬೆಳೆದದ್ದು ಹೆಚ್ಚಾಗಿ ಮಹಾರಾಷ್ಟ್ರ. ಪಾಸ್‌ಪೋರ್ಟು ಬ್ರಿಟನ್ನಿನದು. ಹದಿನೇಳರ ನಂತರ ಪೂರ್ತಿ ಲಂಡನ್ನಿನವನು. ಅವನು ಮಾತ್ರ ಇದನ್ನೆಲ್ಲ ಬಾಯಿ ಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಸಂದರ್ಶನಗಳಲ್ಲಿ ಬಾಲ್ಯದ ಮಾತು ಬಂದರೆ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದ. ಎಷ್ಟೋ ಅಭಿಮಾನಿಗಳಿಗೆ ಅವನ ಮೂಲ ಗೊತ್ತಾಗಿದ್ದೇ ಅವನು ಸತ್ತ ಮೇಲೆ. ಎಪ್ಪತ್ತರ ದಶಕದ ಇಂಗ್ಲೆಂಡಿನಲ್ಲಿ ಕಂದು ಚರ್ಮದವರು ಬೀದಿಯಲ್ಲಿ ಏನೇನು ಕೇಳಿಸಿಕೊಳ್ಳಬೇಕಿತ್ತು ಅನ್ನುವುದನ್ನು ನೆನೆಸಿಕೊಂಡರೆ, ಯಾಕೆ ಹೇಳಲಿಲ್ಲ ಅಂತ ಕೇಳುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಪಂಚಗಣಿಯಲ್ಲಿ ಓದಿದ್ದು ನಿಜವಾ?

ನಿಜ. ಎಂಟು ವರ್ಷದ ಹುಡುಗನನ್ನು ಜಂಜಿಬಾರಿನಿಂದ ಹಡಗು ಹತ್ತಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲ್ಲಿಗೆ ಕಳಿಸಿದರು. ಅಪ್ಪ ಅಮ್ಮನ ಮುಖ ನೋಡಬೇಕೆಂದರೆ ಸಮುದ್ರ ದಾಟಬೇಕು. ರಜೆಯಲ್ಲಿ ಮುಂಬೈಯ ನೆಂಟರ ಮನೆಯೇ ಗತಿ. 'ಫ್ರೆಡ್ಡಿ' ಅನ್ನುವ ಹೆಸರು ಅಂಟಿಕೊಂಡಿದ್ದು ಇಲ್ಲೇ.

ಪಿಯಾನೋ ಕಲಿತ. ಬಾಕ್ಸಿಂಗ್ ಆಡಿದ. ಟೇಬಲ್ ಟೆನ್ನಿಸ್‌ನಲ್ಲಿ ಚುರುಕು. 1958ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಗೆಳೆಯರ ಜೊತೆ ಸೇರಿ 'ದಿ ಹೆಕ್ಟಿಕ್ಸ್' ಅಂತ ಬ್ಯಾಂಡ್ ಕಟ್ಟಿದ. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡುಗಳನ್ನು ಶಾಲೆಯ ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದರು. ತಮಾಷೆ ಏನೆಂದರೆ ಆ ಬ್ಯಾಂಡಿನ ಮುಖ್ಯ ಹಾಡುಗಾರ ಇವನಲ್ಲ, ಬೇರೊಬ್ಬ ಹುಡುಗ. ಇವನು ಪಕ್ಕದಲ್ಲಿ ಪಿಯಾನೋ ಕುಟ್ಟುತ್ತಿದ್ದ.

ನಾನು ಒಮ್ಮೆ ಬೆಳಗಾವಿ ಕಡೆಯಿಂದ ಪುಣೆ ರಸ್ತೆಯಲ್ಲಿ ಹೋಗಿ, ವಾಯಿ ಹತ್ತಿರ ತಿರುಗಿ, ಘಾಟಿ ಹತ್ತಿ ಅಲ್ಲಿಗೆ ಹೋಗಿದ್ದೆ. ಸ್ಟ್ರಾಬೆರಿ ಮಾರುವವರು, ಕುದುರೆ ಸವಾರಿಯವರು, ತುಂಬಾ ಮಂಜು. ಶಾಲೆಯನ್ನು ರಸ್ತೆಯಿಂದಲೇ ನೋಡಿದೆ. ಊರಿನ ಅಂಚಿಗೆ ನಿಂತರೆ ಕೆಳಗೆ ಕೃಷ್ಣಾ ನದಿಯ ಕಣಿವೆ ಕಾಣುತ್ತದೆ. ಅದೇ ಕೃಷ್ಣೆ ಮುಂದೆ ನಮ್ಮ ಚಿಕ್ಕೋಡಿ, ಜಮಖಂಡಿ ಕಡೆ ಬರುವವಳು. ಇವನಿಗೂ ನಮಗೂ ಇರುವ ನೆಂಟಸ್ತಿಕೆ ಇಷ್ಟೇ. ಇದಕ್ಕಿಂತ ಜಾಸ್ತಿ ಎಳೆಯಬಾರದು.

ಕೊನೆಗೆ ಕೆಲಕಾಲ ಮುಂಬೈಯ ಮಝಗಾಂವ್‌ನ ಸೇಂಟ್ ಮೇರೀಸ್ ಶಾಲೆಯಲ್ಲಿದ್ದು, 1963ರಲ್ಲಿ ಜಂಜಿಬಾರಿಗೆ ವಾಪಸ್ಸಾದ.

ಇಂಗ್ಲೆಂಡಿಗೆ ಹೋಗಿದ್ದು ಹಾಡುವುದಕ್ಕಾ?

ಅಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ. 1964ರ ಜನವರಿಯಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಯಿತು. ಸುಲ್ತಾನ ಓಡಿಹೋದ. ಅರಬರು, ಭಾರತೀಯ ಮೂಲದವರು ಸಾವಿರಗಟ್ಟಲೆ ಸತ್ತರು. ಬುಲ್ಸಾರಾ ಮನೆಯವರು ಕೈಗೆ ಸಿಕ್ಕಷ್ಟು ತೆಗೆದುಕೊಂಡು ಲಂಡನ್ ಹೊರವಲಯದ ಫೆಲ್ತಮ್‌ಗೆ ಬಂದರು. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಊರು. ಗ್ಲ್ಯಾಡ್‌ಸ್ಟೋನ್ ಅವೆನ್ಯೂನಲ್ಲಿದ್ದ ಆ ಪುಟ್ಟ ಮನೆಯ ಗೋಡೆಗೆ 2016ರಲ್ಲಿ, ಹೆಸರಾಂತರು ಇದ್ದ ಮನೆಗಳಿಗೆ ಹಾಕುವ ನೀಲಿ ಫಲಕ ಹಾಕಿದ್ದಾರೆ.

ಫ್ರೆಡ್ಡಿ ಹೀಥ್ರೂನಲ್ಲಿ ಸಾಮಾನು ಹೊರುವ ಕೆಲಸವನ್ನೂ ಮಾಡಿದ್ದಾನೆ. ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ವಿನ್ಯಾಸ ಓದಿ 1969ರಲ್ಲಿ ಡಿಪ್ಲೊಮಾ ಪಡೆದ. ಈ ಓದನ್ನು ಜನ ಮರೆತುಬಿಡುತ್ತಾರೆ. ಬಟ್ಟೆ, ಬೆಳಕು, ವೇದಿಕೆ ಮೇಲೆ ನಿಲ್ಲುವ ಭಂಗಿ, ಎಲ್ಲದರಲ್ಲೂ ಚಿತ್ರ ಬರೆಯುವವನ ಕಣ್ಣು ಕೆಲಸ ಮಾಡಿದೆ.

ಕ್ವೀನ್ ಬ್ಯಾಂಡ್ ಹೇಗೆ ಶುರುವಾಯಿತು?

ಕಾಲೇಜಿನಲ್ಲಿ ಇವನ ಸಹಪಾಠಿ ಟಿಮ್ ಸ್ಟಾಫೆಲ್ 'ಸ್ಮೈಲ್' ಅನ್ನುವ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಅದರಲ್ಲಿ ಗಿಟಾರಿಗೆ ಬ್ರಯಾನ್ ಮೇ, ಡ್ರಮ್ಸಿಗೆ ರೋಜರ್ ಟೇಲರ್. ಫ್ರೆಡ್ಡಿ ಅವರ ಹಿಂದೆಯೇ ಸುತ್ತುತ್ತಿದ್ದ. ಹೀಗೆ ಹಾಡಿ, ಹಾಗೆ ಬಟ್ಟೆ ಹಾಕಿ ಅಂತ ಪುಕ್ಕಟೆ ಸಲಹೆ ಬೇರೆ. ಈ ನಡುವೆ 'ಐಬೆಕ್ಸ್', 'ಸವರ್ ಮಿಲ್ಕ್ ಸೀ' ಅಂತ ಒಂದೆರಡು ಬ್ಯಾಂಡುಗಳಲ್ಲಿ ಹಾಡಿ ನೋಡಿದ, ಯಾವುದೂ ನಿಲ್ಲಲಿಲ್ಲ. ಹೊಟ್ಟೆಪಾಡಿಗೆ ಇವನೂ ರೋಜರೂ ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆ ಮಾರುವ ಅಂಗಡಿ ಇಟ್ಟಿದ್ದರು.

1970ರಲ್ಲಿ ಸ್ಟಾಫೆಲ್ ಬ್ಯಾಂಡ್ ಬಿಟ್ಟ. ಫ್ರೆಡ್ಡಿ ಒಳಗೆ ಬಂದ. ಬಂದವನೇ ಹೆಸರು ಬದಲಿಸಿ 'ಕ್ವೀನ್' ಅಂತ ಇಟ್ಟ. 1971ರಲ್ಲಿ ಬೇಸ್ ಗಿಟಾರಿಗೆ ಜಾನ್ ಡೀಕನ್ ಸೇರಿದ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಆ ನಾಲ್ವರಲ್ಲಿ ಒಬ್ಬನೂ ಬದಲಾಗಲಿಲ್ಲ. ಮೇ ಖಗೋಳ ಭೌತಶಾಸ್ತ್ರದ ವಿದ್ಯಾರ್ಥಿ, ಟೇಲರ್ ದಂತವೈದ್ಯ ಓದಲು ಬಂದವನು, ಡೀಕನ್ ಎಲೆಕ್ಟ್ರಾನಿಕ್ಸ್. ಮೇ ಅರ್ಧಕ್ಕೆ ಬಿಟ್ಟಿದ್ದ ಪಿಎಚ್‌ಡಿಯನ್ನು 2007ರಲ್ಲಿ ಮುಗಿಸಿದ. ನಮ್ಮ ಮನೆಗಳಲ್ಲಿ ಅಪ್ಪಂದಿರು 'ಮೊದಲು ಓದು ಮುಗಿಸು' ಅನ್ನುತ್ತಾರಲ್ಲ, ಅದಕ್ಕೆ ಇವನು ಮೂವತ್ತು ವರ್ಷಕ್ಕೂ ಜಾಸ್ತಿ ಸಮಯ ತೆಗೆದುಕೊಂಡ.

'ಮರ್ಕ್ಯುರಿ' ಎಲ್ಲಿಂದ ಬಂತು?

ಮೊದಲ ಆಲ್ಬಮ್ಮಿನ 'ಮೈ ಫೇರಿ ಕಿಂಗ್' ಹಾಡಿನಲ್ಲಿ ತಾಯಿಯನ್ನು ಮರ್ಕ್ಯುರಿ ಅಂತ ಕರೆಯುವ ಸಾಲೊಂದಿದೆ. ಅದನ್ನು ಬರೆದ ಮೇಲೆ ತಾನೇ ಆ ಹೆಸರನ್ನು ಇಟ್ಟುಕೊಂಡ ಅಂತ ಬ್ರಯಾನ್ ಮೇ ಹೇಳಿದ್ದಾನೆ. ಸುಮ್ನೆ ವೇದಿಕೆಗೆ ಇಟ್ಟುಕೊಂಡ ಹೆಸರಲ್ಲ ಅದು, ಕಾಗದ ಪತ್ರದಲ್ಲೂ ಬದಲಿಸಿಕೊಂಡ.

ಬ್ಯಾಂಡಿನ ಲಾಂಛನ ಯಾರು ಮಾಡಿದ್ದು?

ಅವನೇ. ನಾಲ್ವರ ರಾಶಿಗಳನ್ನು ಸೇರಿಸಿ ಬರೆದದ್ದು. ಸಿಂಹ ರಾಶಿಯ ಡೀಕನ್, ಟೇಲರ್‌ಗೆ ಎರಡು ಸಿಂಹ. ಕರ್ಕಾಟಕದ ಮೇಗೆ ಏಡಿ. ಕನ್ಯಾ ರಾಶಿಯ ತನಗೆ ಎರಡು ಕಿನ್ನರಿಯರು. ಮೇಲೆ ರೆಕ್ಕೆ ಬಿಚ್ಚಿದ ಫೀನಿಕ್ಸ್ ಹಕ್ಕಿ.

'ಬೊಹೀಮಿಯನ್ ರಾಪ್ಸಡಿ' ಹಾಡಿನಲ್ಲಿ ಅಂಥದ್ದೇನಿದೆ?

ಮೊದಲು ಕೇಳಿ, ಆಮೇಲೆ ಓದಿ. 5 ನಿಮಿಷ 55 ಸೆಕೆಂಡು.

ಕೇಳಿದಿರಾ? ಪಲ್ಲವಿ ಎಲ್ಲಿತ್ತು? ಇರಲಿಲ್ಲ, ಅಲ್ವಾ. ಮೊದಲು ಬರೀ ದನಿಗಳು. ಆಮೇಲೆ ಪಿಯಾನೋ ಜೊತೆ ಅಮ್ಮನ ಹತ್ತಿರ ತಪ್ಪೊಪ್ಪಿಕೊಳ್ಳುವ ಮಗ. ಆಮೇಲೆ ಗಿಟಾರ್. ಇದ್ದಕ್ಕಿದ್ದಂತೆ ಒಪೆರಾ, ಅಂದರೆ ಪಶ್ಚಿಮದ ಹಾಡುನಾಟಕದ ಧಾಟಿ. ಅಲ್ಲಿ 'ಬಿಸ್ಮಿಲ್ಲಾ' ಅನ್ನುವ ಕೂಗು ಬರುತ್ತದೆ. ನಂತರ ತಲೆ ಕುಣಿಸುವ ರಾಕ್. ಕೊನೆಗೆ ಎಲ್ಲ ಇಳಿದು ಒಂದು ನಿಟ್ಟುಸಿರು. ನಾಟಕದಲ್ಲಿ ರಂಗ ಬದಲಾದ ಹಾಗೆ ಹಾಡು ಬದಲಾಗುತ್ತ ಹೋಗುತ್ತದೆ.

ರೆಕಾರ್ಡಿಂಗ್ ನಡೆದದ್ದು 1975ರಲ್ಲಿ, ವೇಲ್ಸ್‌ನ ರಾಕ್‌ಫೀಲ್ಡ್ ಮತ್ತು ಬೇರೆ ಸ್ಟುಡಿಯೋಗಳಲ್ಲಿ. ನಿರ್ಮಾಪಕ ರಾಯ್ ಥಾಮಸ್ ಬೇಕರ್. ಆ ಒಪೆರಾ ಭಾಗದಲ್ಲಿ ದೊಡ್ಡ ಗುಂಪು ಹಾಡುತ್ತಿದೆ ಅನ್ನಿಸುತ್ತದಲ್ಲ, ಅಲ್ಲಿರುವುದು ಮೂರೇ ಜನ: ಫ್ರೆಡ್ಡಿ, ಮೇ, ಟೇಲರ್. ಆ ಕೀರಲು ಎತ್ತರದ ದನಿ ಟೇಲರನದು. ಹಾಡಿದ್ದರ ಮೇಲೆ ಹಾಡಿ, ಅದರ ಮೇಲೆ ಮತ್ತೆ ಹಾಡಿ, ಪದರದ ಮೇಲೆ ಪದರ ಕೂರಿಸಿದ್ದು. ಆಗ ಕಂಪ್ಯೂಟರ್ ಇಲ್ಲ, 24 ಟ್ರ್ಯಾಕಿನ ಟೇಪು ಮಾತ್ರ. ಓಡಿಸಿ ಓಡಿಸಿ ಟೇಪು ಎಷ್ಟು ಸವೆದಿತ್ತೆಂದರೆ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು ಅಂತ ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ. ಇದೆಲ್ಲದರ ನಕ್ಷೆ ಇದ್ದದ್ದು ಒಬ್ಬನ ತಲೆಯಲ್ಲಿ.

ಇಷ್ಟು ಉದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲ ಅಂತ ರೆಕಾರ್ಡ್ ಕಂಪನಿಯವರು ಹೆದರಿದರು. ಆಗ ರೇಡಿಯೋ ಹಾಡು ಅಂದರೆ ಮೂರು ನಿಮಿಷದ ಲೆಕ್ಕ. ಲಂಡನ್ನಿನ ಕ್ಯಾಪಿಟಲ್ ರೇಡಿಯೋದ ನಿರೂಪಕ ಕೆನ್ನಿ ಎವರೆಟ್ ಕೈಗೆ ಒಂದು ಪ್ರತಿ ಹೋಯಿತು. ಅವನು ಒಂದೇ ವಾರಾಂತ್ಯದಲ್ಲಿ ಹದಿನಾಲ್ಕು ಸಲ ಹಾಕಿದ. ಅಂಗಡಿಗಳಲ್ಲಿ ಜನ ಕೇಳಲು ಶುರು ಮಾಡಿದರು, ಡಿಸ್ಕ್ ಇನ್ನೂ ಬಂದೇ ಇಲ್ಲ! 1975ರ ಅಕ್ಟೋಬರ್ 31ಕ್ಕೆ ಬಿಡುಗಡೆಯಾಗಿ, ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ಟಿವಿಗೆಂದು ಬ್ರೂಸ್ ಗವರ್ಸ್ ಒಂದು ವಿಡಿಯೋ ಮಾಡಿಕೊಟ್ಟ. ಕತ್ತಲಲ್ಲಿ ನಾಲ್ಕು ಮುಖ, ಅಷ್ಟೇ. ಕೆಲವೇ ಗಂಟೆಗಳಲ್ಲಿ ಮುಗಿದ ಆ ಚಿತ್ರೀಕರಣ ಹಾಡಿಗೊಂದು ವಿಡಿಯೋ ಬೇಕು ಅನ್ನುವ ರೂಢಿಯನ್ನೇ ಗಟ್ಟಿ ಮಾಡಿತು.

ಅದರ ಅರ್ಥವೇನು?

ಫ್ರೆಡ್ಡಿ ಕೊನೆಯವರೆಗೂ ಬಿಡಿಸಿ ಹೇಳಲಿಲ್ಲ. ಗಂಡಸರಲ್ಲೂ ಆಸಕ್ತಿಯಿದ್ದ ತನ್ನ ಗುಟ್ಟನ್ನೇ ಹಾಡು ಮಾಡಿದ ಅನ್ನುವವರಿದ್ದಾರೆ, ಬರೀ ಪ್ರಾಸದ ಆಟ ಅನ್ನುವವರಿದ್ದಾರೆ. ನಾನು ಕೇಳುವಾಗ ಅರ್ಥ ಹುಡುಕುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಕ್ವೀನ್ ಹಾಡುಗಳನ್ನೆಲ್ಲ ಅವನೇ ಬರೆದದ್ದಾ?

ಇಲ್ಲ. ಆ ಬ್ಯಾಂಡಿನ ಶಕ್ತಿಯೇ ಅದು, ನಾಲ್ಕೂ ಜನ ದೊಡ್ಡ ಹಾಡು ಬರೆದವರೇ. ಕ್ರಿಕೆಟ್ ಮೈದಾನದಲ್ಲಿ 'ಧಮ್ ಧಮ್ ಟಪ್' ಅಂತ ಕಾಲು ಕುಟ್ಟಿ ಚಪ್ಪಾಳೆ ಹೊಡೆಯುತ್ತೇವಲ್ಲ, ಆ 'ವೀ ವಿಲ್ ರಾಕ್ ಯೂ' ಬ್ರಯಾನ್ ಮೇ ಬರೆದದ್ದು. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಡೀಕನನದು. 'ರೇಡಿಯೋ ಗಾಗಾ' ಟೇಲರನದು. 'ಕಿಲ್ಲರ್ ಕ್ವೀನ್', 'ಸಮ್‌ಬಡಿ ಟು ಲವ್', 'ವೀ ಆರ್ ದ ಚಾಂಪಿಯನ್ಸ್', 'ಡೋಂಟ್ ಸ್ಟಾಪ್ ಮಿ ನೌ' ಫ್ರೆಡ್ಡಿಯವು. 1981ರ 'ಗ್ರೇಟೆಸ್ಟ್ ಹಿಟ್ಸ್' ಆಲ್ಬಮ್ಮಿನ ಬ್ರಿಟಿಷ್ ಆವೃತ್ತಿಯಲ್ಲಿ 17 ಹಾಡುಗಳಿವೆ, ಅದರಲ್ಲಿ 10 ಇವನವು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಇವತ್ತಿಗೂ ಅದೇ.

'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' ಹುಟ್ಟಿದ್ದು ಮ್ಯೂನಿಕ್ಕಿನ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ. ಗಿಟಾರು ಅವನಿಗೆ ಅಷ್ಟಕ್ಕಷ್ಟೇ ಬರುತ್ತಿತ್ತು. ಗೊತ್ತಿದ್ದ ಕೆಲವೇ ಕಾರ್ಡುಗಳಲ್ಲಿ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಾಡು ಮುಗಿಸಿದ.

ಆ ದನಿಯ ಗುಟ್ಟೇನು? ಶಾಸ್ತ್ರೀಯವಾಗಿ ಕಲಿತಿದ್ದನಾ?

ಹಾಡುಗಾರಿಕೆಯನ್ನು ಗುರುಮುಖೇನ ಕಲಿತವನಲ್ಲ. 2016ರಲ್ಲಿ ಆಸ್ಟ್ರಿಯಾ, ಜೆಕ್, ಸ್ವೀಡನ್ನಿನ ಸಂಶೋಧಕರು ಅವನ ಸಂದರ್ಶನಗಳನ್ನೂ ಹಾಡುಗಳನ್ನೂ ಅಳೆದು ನೋಡಿದರು. ಮಾತಿನ ದನಿ ನೋಡಿದರೆ ಅವನು ಬ್ಯಾರಿಟೋನ್, ಅಂದರೆ ಗಂಡಸರ ನಡುಮಟ್ಟದ ದನಿಯವನು. ಹಾಡುತ್ತಿದ್ದದ್ದು ಮಾತ್ರ ಅದಕ್ಕಿಂತ ಮೇಲಿನ ಟೆನರ್ ಎತ್ತರದಲ್ಲಿ. ಸ್ವರ ಹಿಡಿದು ನಿಲ್ಲಿಸಿದಾಗ ದನಿ ಅಲುಗುತ್ತದಲ್ಲ, ಅದು ಬೇರೆ ಹಾಡುಗಾರರಲ್ಲಿ ಸೆಕೆಂಡಿಗೆ ಐದೂವರೆಯಿಂದ ಏಳರೊಳಗೆ ಇರುತ್ತದೆ. ಇವನದು ಏಳನ್ನು ದಾಟುತ್ತಿತ್ತು. ನಾಲ್ಕು ಸ್ಥಾಯಿ ಹಾಡುತ್ತಿದ್ದ ಅಂತ ಅಭಿಮಾನಿಗಳು ಹೇಳುವ ಮಾತಿಗೆ ಅವರಿಗೆ ಆಧಾರ ಸಿಗಲಿಲ್ಲ. ಮೂರು ಸ್ಥಾಯಿಗಿಂತ ತುಸು ಜಾಸ್ತಿ ಸಿಕ್ಕಿತು. ಅದೇನು ಕಮ್ಮಿಯೇ?

ಗಂಟಲಲ್ಲಿ ಗಂಟುಗಳಾಗಿ ಆಗಾಗ ತೊಂದರೆ ಕೊಡುತ್ತಿದ್ದವು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಗಾಗಿ ವೇದಿಕೆಯಲ್ಲಿ ಎಷ್ಟೋ ಎತ್ತರದ ಸ್ವರಗಳನ್ನು ಕೆಳಗಿಳಿಸಿ ಹಾಡುತ್ತಿದ್ದ. ಸ್ಟುಡಿಯೋ ಹಾಡನ್ನೂ ವೇದಿಕೆಯ ಹಾಡನ್ನೂ ಪಕ್ಕ ಪಕ್ಕ ಕೇಳಿದರೆ ಗೊತ್ತಾಗುತ್ತದೆ.

ಹಲ್ಲು ಯಾಕೆ ಸರಿ ಮಾಡಿಸಿಕೊಳ್ಳಲಿಲ್ಲ?

ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು. ಅವು ಮುಂದಿನ ಹಲ್ಲುಗಳನ್ನು ಹೊರಗೆ ತಳ್ಳಿದ್ದವು. ದುಡ್ಡು ಬೇಕಾದಷ್ಟು ಇದ್ದಾಗಲೂ ಮುಟ್ಟಲಿಲ್ಲ, ದನಿ ಕೆಟ್ಟರೆ ಅನ್ನುವ ಭಯ. ಹಲ್ಲಿಗೂ ದನಿಗೂ ಸಂಬಂಧವಿತ್ತೋ ಇಲ್ಲವೋ ಬೇರೆ ಮಾತು, ಅವನು ಆ ಜೂಜಿಗೆ ಇಳಿಯಲಿಲ್ಲ. ಹಳೇ ಸಂದರ್ಶನಗಳನ್ನು ಗಮನಿಸಿ. ನಗು ಬಂದ ತಕ್ಷಣ ಮೇಲ್ತುಟಿ ಕೆಳಗೆ ಎಳೆದುಕೊಳ್ಳುತ್ತಾನೆ, ಇಲ್ಲ ಕೈ ಅಡ್ಡ ಬರುತ್ತದೆ. ಲಕ್ಷ ಜನರ ಮುಂದೆ ಎದೆ ಬಿಚ್ಚಿ ಓಡಾಡಿದವನಿಗೆ ಒಬ್ಬ ಪತ್ರಕರ್ತನ ಮುಂದೆ ಹಲ್ಲು ಬಿಡಲು ನಾಚಿಕೆ.

ಅರ್ಧ ಮೈಕ್ ಸ್ಟ್ಯಾಂಡ್ ಯಾಕೆ?

ಶುರುವಿನ ದಿನಗಳಲ್ಲಿ ಒಂದು ಕಾರ್ಯಕ್ರಮದ ನಡುವೆ ಸ್ಟ್ಯಾಂಡು ಮುರಿಯಿತು. ಕೈಯಲ್ಲಿ ಉಳಿದ ಮೇಲಿನ ಕೋಲನ್ನೇ ಹಿಡಿದು ಹಾಡು ಮುಂದುವರಿಸಿದ. ಹಿಡಿಸಿತು. ಆಮೇಲೆ ಯಾವತ್ತೂ ಅದೇ. ಅದೇ ಗಿಟಾರು, ಅದೇ ಕತ್ತಿ, ಅದೇ ರಾಜದಂಡ.

ಲೈವ್ ಏಡ್ ಬಗ್ಗೆ ಯಾಕೆ ಅಷ್ಟೊಂದು ಮಾತಾಡುತ್ತಾರೆ?

ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲೂ ಅಮೆರಿಕದ ಫಿಲಡೆಲ್ಫಿಯಾದಲ್ಲೂ ನಡೆದ ಕಾರ್ಯಕ್ರಮ ಅದು. ವೆಂಬ್ಲಿಯಲ್ಲಿ 72,000 ಜನ, ಟಿವಿಯಲ್ಲಿ ದೇಶ ದೇಶಗಳ ಜನ. ಒಂದೊಂದು ಬ್ಯಾಂಡಿಗೆ ಇಪ್ಪತ್ತು ನಿಮಿಷದಷ್ಟು ಸಮಯ. ಬಹಳ ಬ್ಯಾಂಡುಗಳು ಬಂದು ಇದ್ದದ್ದರಲ್ಲಿ ಹಾಡಿ ಹೋದವು. ಕ್ವೀನ್‌ನವರು ಮಾತ್ರ ಮೊದಲೇ ಲಂಡನ್ನಿನ ಶಾ ಥಿಯೇಟರಿನಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದ್ದರು. ಹೊಸ ಹಾಡು ಮಾರುವ ಆಸೆ ಬಿಟ್ಟು, ಜನಕ್ಕೆ ಗೊತ್ತಿರುವ ಹಾಡುಗಳನ್ನೇ ಕತ್ತರಿಸಿ ಜೋಡಿಸಿದ್ದರು.

ಆ ವಿಡಿಯೋ ಹಾಕಿಕೊಂಡು ಒಂದೊಂದನ್ನೇ ನೋಡಿ. ಸಂಜೆ ಆರೂಮುಕ್ಕಾಲಿನ ಹೊತ್ತು, ಇನ್ನೂ ಹಗಲು ಬೆಳಕು. ಹೊಗೆ ಇಲ್ಲ, ಬಣ್ಣದ ದೀಪ ಇಲ್ಲ. ಬಿಳಿ ಬನಿಯನ್ನು, ಮಾಸಲು ಜೀನ್ಸು, ತೋಳಿಗೊಂದು ಮೊಳೆ ಹೊಡೆದ ಪಟ್ಟಿ. ಬೆಳಗಿನ ಜಾಗಿಂಗಿಗೆ ಬಂದವನ ಹಾಗೆ ಓಡಿ ಬಂದು ಒಂದು ಸುತ್ತು ಹಾಕಿ ಪಿಯಾನೋ ಮುಂದೆ ಕೂರುತ್ತಾನೆ. ಪಿಯಾನೋ ಮೇಲೆ ಪೆಪ್ಸಿಯ ಕಾಗದದ ಲೋಟಗಳ ಸಾಲು. ಯಾರಾದರೂ ತೆಗೆದು ಪಕ್ಕಕ್ಕಿಡಬಾರದಿತ್ತೇ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ನಾಲ್ಕು ಸ್ವರ ನುಡಿಸುತ್ತಾನೆ. ಗುಂಪು ಗುರುತು ಹಿಡಿದು ಕೂಗುತ್ತದೆ. ಬೊಹೀಮಿಯನ್ ರಾಪ್ಸಡಿಯ ಮೊದಲ ಭಾಗ ಮಾತ್ರ ಹಾಡಿ, ಅಲ್ಲಿಗೇ ಬಿಟ್ಟು, 'ರೇಡಿಯೋ ಗಾಗಾ'ಕ್ಕೆ ಹಾರುತ್ತಾನೆ. ಪಲ್ಲವಿ ಬಂದಾಗ ಕೈಗಳೆಲ್ಲ ಒಟ್ಟಿಗೆ ಮೇಲೆ ಹೋಗಿ ಎರಡೆರಡು ಚಪ್ಪಾಳೆ. ಗಾಳಿಗೆ ಬತ್ತದ ಗದ್ದೆ ಬಾಗಿದ ಹಾಗೆ.

ಆಮೇಲೆ ವಾದ್ಯಗಳೆಲ್ಲ ನಿಲ್ಲುತ್ತವೆ. ಅವನೊಬ್ಬ 'ಏ…ಓ' ಅನ್ನುತ್ತಾನೆ. ಜನ 'ಏ…ಓ' ಅನ್ನುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳುತ್ತಾರಲ್ಲ, ಅದೇ ವರಸೆ. ಅವನು ಸ್ವರ ತಿರುಚುತ್ತ ಹೋಗುತ್ತಾನೆ, ಅವರೂ ಹಿಂದೆಯೇ ಬರುತ್ತಾರೆ. ಅಲ್ಲಿದ್ದವರಲ್ಲಿ ಎಲ್ಲರೂ ಕ್ವೀನ್ ನೋಡಲು ಬಂದವರಲ್ಲ ಅನ್ನುವುದು ನೆನಪಿರಲಿ. ಟಿಕೆಟ್ ಮಾರಾಟ ಶುರುವಾದಾಗ ಇವರ ಹೆಸರು ಪಟ್ಟಿಯಲ್ಲೂ ಇರಲಿಲ್ಲ.

'ಬೊಹೀಮಿಯನ್ ರಾಪ್ಸಡಿ' ಸಿನಿಮಾದಲ್ಲಿ ಇರುವುದೆಲ್ಲ ನಿಜವಾ?

2018ರ ಆ ಸಿನಿಮಾಕ್ಕೆ ನಾಲ್ಕು ಆಸ್ಕರ್ ಬಂತು. ಫ್ರೆಡ್ಡಿಯ ಪಾತ್ರ ಮಾಡಿದ ರಾಮಿ ಮಾಲೆಕ್‌ಗೆ ನಟನೆಗೆ ಬಂತು, ನ್ಯಾಯವಾಗಿಯೇ ಬಂತು. ಕಥೆಯಲ್ಲಿ ಮಾತ್ರ ತಿದ್ದಿದ್ದು ಬಹಳ. ಸಿನಿಮಾದಲ್ಲಿ ಅವನು ಲೈವ್ ಏಡ್‌ಗೆ ಮೊದಲೇ ತನ್ನ ಏಡ್ಸ್ ಕಾಯಿಲೆ ವಿಷಯ ಗೆಳೆಯರಿಗೆ ಹೇಳುತ್ತಾನೆ. ನಿಜದಲ್ಲಿ ಕಾಯಿಲೆ ಖಚಿತವಾಗಿದ್ದು 1987ರಲ್ಲಿ. ಸಿನಿಮಾದಲ್ಲಿ ಬ್ಯಾಂಡ್ ಒಡೆದು, ಲೈವ್ ಏಡ್‌ಗಾಗಿ ಮತ್ತೆ ಕೂಡುತ್ತದೆ. ನಿಜದಲ್ಲಿ 1984ರಲ್ಲಿ ಅವರ 'ದ ವರ್ಕ್ಸ್' ಆಲ್ಬಮ್ ಬಂದಿತ್ತು, 1985ರ ಮೇ ತಿಂಗಳವರೆಗೂ ಪ್ರವಾಸದಲ್ಲಿದ್ದರು. ಒಬ್ಬನೇ ಆಲ್ಬಮ್ ಮಾಡುತ್ತೇನೆ ಅಂದದ್ದು ದ್ರೋಹ ಅನ್ನುವ ಹಾಗೆ ತೋರಿಸಿದ್ದಾರೆ. ರೋಜರ್ ಟೇಲರ್ 1981ರಲ್ಲೇ ಸ್ವಂತ ಆಲ್ಬಮ್ ತಂದಿದ್ದ! ಗೆಳೆಯ ಜಿಮ್ ಹಟನ್‌ನನ್ನು ಮನೆಯ ಪಾರ್ಟಿಯ ಪರಿಚಾರಕ ಮಾಡಿದ್ದಾರೆ, ಅವನು ಕ್ಷೌರಿಕ, ಸಿಕ್ಕಿದ್ದು ಕ್ಲಬ್ಬಿನಲ್ಲಿ.

ಸಿನಿಮಾ ಅಂದ ಮೇಲೆ ಇಷ್ಟು ಇದ್ದದ್ದೇ. ಆದರೆ ಕಾಯಿಲೆಯ ವಿಷಯವನ್ನು ಎರಡು ವರ್ಷ ಹಿಂದಕ್ಕೆ ಎಳೆದದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಲೈವ್ ಏಡ್‌ನ ಆ ಕುಣಿತಕ್ಕೆ ಸಾವಿನ ನೆರಳು ಬೇಕಿರಲಿಲ್ಲ. ಅವನು ಅವತ್ತು ಸುಮ್ನೆ ಖುಷಿಯಾಗಿದ್ದ.

ಅವನು ತಪ್ಪೇ ಮಾಡಲಿಲ್ಲವಾ?

ಮಾಡಿದ, ಇಡೀ ಬ್ಯಾಂಡೇ ಮಾಡಿತು. 1984ರಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಕಾರ್ಯಕ್ರಮ ಕೊಟ್ಟರು. ಅಲ್ಲಿ ವರ್ಣಭೇದ ನೀತಿ ಇದ್ದ ಕಾಲ. ಕಲಾವಿದರು ಹೋಗಬಾರದು ಅಂತ ವಿಶ್ವಸಂಸ್ಥೆ ಕರೆ ಕೊಟ್ಟಿತ್ತು. ಬ್ರಿಟನ್ನಿನ ಸಂಗೀತಗಾರರ ಸಂಘ ದಂಡ ಹಾಕಿತು. ನಾವು ರಾಜಕೀಯದವರಲ್ಲ ಅನ್ನುವುದು ಇವರ ಸಮಜಾಯಿಷಿ. ಓಡಿಬಂದ ವಲಸಿಗನ ಮನೆಯ ಹುಡುಗ ಅಲ್ಲಿ ಹೋಗಿ ಹಾಡಿದ್ದು ಅಭಿಮಾನಿಯಾಗಿ ನನಗೆ ನುಂಗಲಾಗದ ತುತ್ತು.

ಮೇರಿ ಆಸ್ಟಿನ್ ಯಾರು? ಅವನು ಸಲಿಂಗಿ ಅಲ್ಲವಾ?

ಮೇರಿ ಲಂಡನ್ನಿನ 'ಬೀಬಾ' ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಕೈಯಲ್ಲಿ ಕಾಸಿಲ್ಲದ ದಿನಗಳಿಂದ ಜೊತೆಗಿದ್ದರು. ಮದುವೆಯ ಮಾತೂ ಆಗಿತ್ತು. 1976ರ ಸುಮಾರಿಗೆ ತನಗೆ ಗಂಡಸರಲ್ಲೂ ಆಸಕ್ತಿಯಿದೆ ಅಂತ ಅವಳಿಗೆ ಹೇಳಿದ. ಗಂಡು ಹೆಣ್ಣಿನ ಆ ಸಂಬಂಧ ಮುಗಿಯಿತು, ಸ್ನೇಹ ಮುಗಿಯಲಿಲ್ಲ. ಕೆನ್ಸಿಂಗ್ಟನ್ನಿನ ತನ್ನ ದೊಡ್ಡ ಮನೆ 'ಗಾರ್ಡನ್ ಲಾಡ್ಜ್' ಅನ್ನು ಉಯಿಲಿನಲ್ಲಿ ಅವಳಿಗೇ ಬಿಟ್ಟ. 'ಲವ್ ಆಫ್ ಮೈ ಲೈಫ್' ಅವಳನ್ನು ನೆನೆದು ಬರೆದದ್ದು ಅನ್ನುತ್ತಾರೆ. ಕೊನೆಯ ಆರು ವರ್ಷ ಜೊತೆಗಿದ್ದು ಆರೈಕೆ ಮಾಡಿದವನು ಜಿಮ್ ಹಟನ್, ಐರ್ಲೆಂಡಿನವನು.

ತಾನು ಯಾರು ಅನ್ನುವುದಕ್ಕೆ ಅವನು ಚೀಟಿ ಅಂಟಿಸಿಕೊಳ್ಳಲಿಲ್ಲ. ಪತ್ರಿಕೆಗಳಿಗೆ ಉತ್ತರ ಕೊಡುವಾಗ ಜಾರಿಕೊಳ್ಳುತ್ತಿದ್ದ. ವೇದಿಕೆಯ ಮೇಲೆ ಮಾತ್ರ ಮುಚ್ಚುಮರೆ ಇರಲಿಲ್ಲ, ಕಣ್ಣಿದ್ದವರಿಗೆ ಕಾಣುತ್ತಿತ್ತು.

ಬೆಕ್ಕು ಸಾಕಿದ್ದನಂತೆ?

ಒಂದಲ್ಲ, ಮನೆ ತುಂಬ. ಟಾಮ್, ಜೆರ್ರಿ, ಟಿಫನಿ, ಆಸ್ಕರ್, ಡಿಲೈಲಾ, ಗೊಲಾಯತ್, ಮೀಕೋ, ರೋಮಿಯೋ, ಲಿಲಿ. 1985ರ ಸ್ವಂತ ಆಲ್ಬಮ್ 'ಮಿಸ್ಟರ್ ಬ್ಯಾಡ್ ಗೈ' ಅರ್ಪಣೆಯಾದದ್ದು ಜೆರ್ರಿ ಅನ್ನುವ ಬೆಕ್ಕಿಗೆ. ಡಿಲೈಲಾಗೆ 'ಇನ್ಯುಯೆಂಡೋ' ಆಲ್ಬಮ್ಮಿನಲ್ಲಿ ಒಂದು ಇಡೀ ಹಾಡಿದೆ. ಅದರಲ್ಲಿ ಬ್ರಯಾನ್ ಮೇ ಗಿಟಾರಿನಲ್ಲಿ ಮಿಯಾಂವ್ ಅನ್ನಿಸಿದ್ದಾನೆ. ಪಾಪ.

ಒಪೆರಾ ಗಾಯಕಿಯ ಜೊತೆ ಹಾಡಿದ್ದು ಯಾವುದು?

'ಬಾರ್ಸಿಲೋನಾ'. ಸ್ಪೇನಿನ ಮೊಂಸೆರಾತ್ ಕಬಯೇ ದನಿಯನ್ನು ಲಂಡನ್ನಿನ ರಾಯಲ್ ಒಪೆರಾ ಹೌಸಿನಲ್ಲಿ ಕೇಳಿ ಮರುಳಾದವನು, 1987ರಲ್ಲಿ ಅವರನ್ನು ಭೇಟಿಯಾಗಿ ಜೊತೆಗೆ ಹಾಡೋಣ ಅಂದ. ಅವರು ಒಪ್ಪಿದರು. ಆಲ್ಬಮ್ 1988ರಲ್ಲಿ ಬಂತು. 1992ರ ಒಲಿಂಪಿಕ್ಸ್‌ಗೆ ಆ ಹಾಡು ಆ ಊರಿನ ಹಾಡಾಯಿತು. ಅಷ್ಟು ಹೊತ್ತಿಗೆ ಅವನಿರಲಿಲ್ಲ.

ಏಡ್ಸ್ ಇರುವುದನ್ನು ಯಾಕೆ ಮುಚ್ಚಿಟ್ಟ?

ಈ ಪ್ರಶ್ನೆ ಕೇಳುವಾಗ ಕೆಲವರ ದನಿಯಲ್ಲಿ ಆರೋಪ ಇರುತ್ತದೆ. ಅವನು ಮೊದಲೇ ಹೇಳಿದ್ದರೆ ಎಷ್ಟೋ ಜನಕ್ಕೆ ಧೈರ್ಯ ಬರುತ್ತಿತ್ತು ಅನ್ನುವುದು ಅವರ ವಾದ. ಅದರಲ್ಲಿ ಸತ್ಯವಿದೆ. ಆದರೆ ಆ ಕಾಲವನ್ನೂ ನೋಡಬೇಕು. 1987ರಲ್ಲಿ ಏಡ್ಸ್ ಅಂದರೆ ಸಾವು. ಎಝಡ್‌ಟಿ ಅನ್ನುವ ಮೊದಲ ಮಾತ್ರೆ ಆಗಷ್ಟೇ ಬಂದಿತ್ತು. ಕಾಯಿಲೆಯನ್ನು ನಿಜವಾಗಿ ಹಿಡಿತಕ್ಕೆ ತಂದ ಹಲವು ಔಷಧಿಗಳ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ, ಅವನು ಹೋಗಿ ಐದು ವರ್ಷಕ್ಕೆ. ಪತ್ರಿಕೆಗಳು ಕಾಯಿಲೆಯವರನ್ನು ಅಪರಾಧಿಗಳ ಹಾಗೆ ಬರೆಯುತ್ತಿದ್ದವು. ಗಾರ್ಡನ್ ಲಾಡ್ಜ್ ಗೇಟಿನ ಮುಂದೆ ಫೋಟೋಗ್ರಾಫರುಗಳು ಠಿಕಾಣಿ ಹೂಡಿದ್ದರು, ಸೊರಗಿದ ಮುಖದ ಒಂದು ಫೋಟೋಗಾಗಿ.

ಮತ್ತೆ ಅವನ ಸ್ವಭಾವವೇ ಹಾಗೆ. ಪಾರ್ಸಿ ಮೂಲ, ಹಲ್ಲು, ಪ್ರೀತಿ, ಕಾಯಿಲೆ, ಯಾವುದನ್ನು ಎಷ್ಟು ತೋರಿಸಬೇಕು ಅನ್ನುವುದನ್ನು ತಾನೇ ತೀರ್ಮಾನಿಸಿದ. 1990ರ ಫೆಬ್ರವರಿಯ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ವೇದಿಕೆಗೆ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ನೋಡಿದವರಿಗೆಲ್ಲ ಅನುಮಾನ. ಹೇಳಲಿಲ್ಲ. 1991ರ ನವೆಂಬರ್ 23ರಂದು ಹೇಳಿಕೆ ಕೊಟ್ಟ: ತನಗೆ ಏಡ್ಸ್ ಇದೆ, ಸುತ್ತಲಿನವರ ಖಾಸಗಿ ಬದುಕು ಬೀದಿಗೆ ಬರಬಾರದು ಅಂತ ಇಷ್ಟು ದಿನ ಹೇಳಿರಲಿಲ್ಲ. ಮರುದಿನ ಸಂಜೆ ಹೋದ. 45 ವರ್ಷ.

ಕೊನೆಯ ದಿನಗಳಲ್ಲಿ ಹಾಡುತ್ತಿದ್ದನಾ?

ಹಾಡುವುದೊಂದನ್ನೇ ಮಾಡುತ್ತಿದ್ದ. ಸ್ವಿಟ್ಜರ್ಲೆಂಡಿನ ಮೊಂತ್ರೂ ಊರಿನಲ್ಲಿ ಕೆರೆಯ ದಂಡೆಗೆ ಬ್ಯಾಂಡಿನದೇ ಸ್ಟುಡಿಯೋ ಇತ್ತು. ನಿಲ್ಲಲು ತ್ರಾಣವಿದ್ದಾಗ ಹೋಗಿ ಒಂದಷ್ಟು ಸಾಲು ಹಾಡಿಡುತ್ತಿದ್ದ, ಉಳಿದದ್ದನ್ನು ನೀವು ಆಮೇಲೆ ಮುಗಿಸಿ ಅನ್ನುವ ಲೆಕ್ಕದಲ್ಲಿ. 'ಮದರ್ ಲವ್' ಅವನು ಕೊನೆಗೆ ಹಾಡಿದ್ದು, 1991ರ ಮೇ ತಿಂಗಳಲ್ಲಿ. ಕೊನೆಯ ಚರಣದ ಹೊತ್ತಿಗೆ ಸಾಕಾಗಿ, ಇನ್ನೊಂದು ದಿನ ಹಾಡುತ್ತೇನೆ ಅಂತ ಎದ್ದುಹೋದ. ಆ ದಿನ ಬರಲಿಲ್ಲ. ಆ ಚರಣವನ್ನು ಬ್ರಯಾನ್ ಮೇ ಹಾಡಿದ. 1995ರ 'ಮೇಡ್ ಇನ್ ಹೆವನ್' ಆಲ್ಬಮ್ಮಿನಲ್ಲಿದೆ. ಒಂದು ದನಿ ನಿಂತು ಇನ್ನೊಂದು ಶುರುವಾಗುವ ಜಾಗ ಸ್ಪಷ್ಟವಾಗಿ ಕೇಳುತ್ತದೆ.

'ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್' ವಿಡಿಯೋವನ್ನು ತೆಗೆದದ್ದೂ ಅದೇ ತಿಂಗಳು. ಕಪ್ಪು ಬಿಳುಪು. ದಪ್ಪ ಮೇಕಪ್ಪು, ಅಂಗಿಯ ಮೇಲೆ ಬೆಕ್ಕಿನ ಚಿತ್ರಗಳಿರುವ ವೇಸ್ಟ್‌ಕೋಟು. ಹೆಚ್ಚು ಅಲುಗಾಡುವುದಿಲ್ಲ. ಕೊನೆಯಲ್ಲಿ ಕ್ಯಾಮೆರಾ ನೋಡಿ ಪಿಸುಗುಟ್ಟಿ ನಗುತ್ತಾನೆ.

ಸಮಾಧಿ ಎಲ್ಲಿದೆ?

ಯಾರಿಗೂ ಗೊತ್ತಿಲ್ಲ, ಮೇರಿ ಆಸ್ಟಿನ್‌ಗೆ ಬಿಟ್ಟು. ಪಾರ್ಸಿ ಪುರೋಹಿತರು ಪ್ರಾರ್ಥನೆ ಹೇಳಿದರು, ಪಶ್ಚಿಮ ಲಂಡನ್ನಿನಲ್ಲಿ ದಹನವಾಯಿತು. ಬೂದಿಯನ್ನು ಎಲ್ಲಿಟ್ಟಳು ಅಂತ ಅವಳು ಹೇಳಿಲ್ಲ. ಅದು ಅವನದೇ ಆಸೆ. ನೋಡಲೇಬೇಕು ಅನ್ನುವವರು ಮೊಂತ್ರೂಗೆ ಹೋಗುತ್ತಾರೆ. ಅಲ್ಲಿ ಕೆರೆಗೆ ಮುಖ ಮಾಡಿ ನಿಂತ ಅವನ ಕಂಚಿನ ಪ್ರತಿಮೆ ಇದೆ, ಒಂದು ಕೈ ಮೇಲೆ.

ಅವನು ಹೋದ ಮೇಲೆ ಏನಾಯಿತು?

1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ನೆನಪಿನ ಕಾರ್ಯಕ್ರಮ ನಡೆಯಿತು. ಬಂದ ಹಣದಿಂದ ಏಡ್ಸ್ ವಿರುದ್ಧ ಕೆಲಸ ಮಾಡುವ 'ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್' ಹುಟ್ಟಿತು. ಜಾನ್ ಡೀಕನ್ 1997ರಲ್ಲಿ ಸಂಗೀತದಿಂದಲೇ ದೂರ ಸರಿದು ಮನೆ ಸೇರಿದ. ಮೇ, ಟೇಲರ್ ಆಮೇಲೆ ಆಡಮ್ ಲ್ಯಾಂಬರ್ಟ್ ಜೊತೆ ಕಾರ್ಯಕ್ರಮ ಕೊಡುತ್ತ ಬಂದರು. ಅವನು ಒಳ್ಳೆಯ ಹಾಡುಗಾರ, ಫ್ರೆಡ್ಡಿಯ ನಕಲು ಮಾಡಲು ಹೋಗುವುದಿಲ್ಲ. ಆ ಜಾಣತನಕ್ಕೇ ನನಗೆ ಇಷ್ಟ.

2023ರಲ್ಲಿ ಮೇರಿ ಮನೆಯ ಸಾಮಾನುಗಳನ್ನು ಹರಾಜಿಗಿಟ್ಟಳು. ಒಟ್ಟು ಸುಮಾರು 4 ಕೋಟಿ ಪೌಂಡ್ ಬಂತು. ಬೊಹೀಮಿಯನ್ ರಾಪ್ಸಡಿಗೆ ರಾಗ ಹಾಕಿದ ಯಮಹಾ ಪಿಯಾನೋ ಒಂದೇ 17 ಲಕ್ಷ ಪೌಂಡಿಗೆ ಹೋಯಿತು.

ಹೊಸಬರು ಎಲ್ಲಿಂದ ಕೇಳಲು ಶುರು ಮಾಡಬೇಕು?

'ಗ್ರೇಟೆಸ್ಟ್ ಹಿಟ್ಸ್'ನಿಂದ. ಆಮೇಲೆ 'ಎ ನೈಟ್ ಅಟ್ ದಿ ಒಪೆರಾ' ಆಲ್ಬಮ್ ಪೂರ್ತಿ, ಹೆಡ್‌ಫೋನ್ ಹಾಕಿಕೊಂಡು. ದನಿಗಳು ಎಡಗಿವಿಯಿಂದ ಬಲಗಿವಿಗೆ ಓಡಾಡುವುದು ಫೋನಿನ ಸ್ಪೀಕರಿನಲ್ಲಿ ಕೇಳುವುದಿಲ್ಲ. ನಂತರ ಬ್ರೆಜಿಲ್ಲಿನಲ್ಲಿ ನಡೆದ 1985ರ 'ರಾಕ್ ಇನ್ ರಿಯೋ' ಸಂಗೀತೋತ್ಸವದ ವಿಡಿಯೋದಲ್ಲಿ 'ಲವ್ ಆಫ್ ಮೈ ಲೈಫ್' ನೋಡಿ. ಪೋರ್ಚುಗೀಸ್ ಮಾತಾಡುವ ಅಷ್ಟೂ ಜನ ಇಂಗ್ಲಿಷ್ ಸಾಲುಗಳನ್ನು ತಾವೇ ಹಾಡುತ್ತಾರೆ, ಇವನು ಮೈಕು ಕೆಳಗಿಳಿಸಿ ಕೇಳುತ್ತ ನಿಲ್ಲುತ್ತಾನೆ. 'ಮುಸ್ತಫಾ' ಹಾಡನ್ನು ಮಾತ್ರ ಮೊದಲ ದಿನವೇ ಹಾಕಬೇಡಿ. ಮನೆಯವರು ಏನಾಯಿತು ಅಂತ ಓಡಿ ಬರುತ್ತಾರೆ.